ಬೇಸಿಗೆ ಕಳೆದ ಮೇಲೆಯೇ ಹಲಗೆ

ನಮ್ಮ ಆಸ್ಪತ್ರೆಯ ಹೊಸ ವಾರ್ಡಿನ ಬಾಗಿಲ ಪಕ್ಕ "ತಂಪು ಕಟ್ಟಡ" ಎಂದು ಕೊರೆದ ಹಿತ್ತಾಳೆಯ ಹಲಗೆ ಹೊಡೆದದ್ದು ಡಿಸೆಂಬರ್ ತಿಂಗಳಲ್ಲಿ. ಆ ದಿನ ಬಂದಿದ್ದ ದೊಡ್ಡವರೆಲ್ಲ ಶಾಲು ಹೊದ್ದಿದ್ದರು. ಒಬ್ಬರಂತೂ ಮಂಕಿ ಟೋಪಿ ಹಾಕಿಕೊಂಡೇ ಬಂದಿದ್ದರು. ಕಟ್ಟಡದ ಹಿಂದೆ ಕಾಲುವೆ ತುಂಬಿ ಹರಿಯುತ್ತಿತ್ತು, ಅದರಾಚೆ ಕೊಯ್ಲಿಗೆ ಬಂದ ಭತ್ತ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ "ಆಹಾ, ಎಷ್ಟು ತಂಪೈತ್ರಿ!" ಎಂದರು. ಡಿಸೆಂಬರಿನಲ್ಲಿ ನಮ್ಮ ಕಡೆ ಬಯಲಲ್ಲಿ ನಿಂತರೂ ತಂಪಾಗಿಯೇ ಇರುತ್ತದೆ ಎಂದು ನನಗೆ ಅನ್ನಿಸಿತು. ಆದರೆ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ, ನಾನು ಚಹಾದ ಟ್ರೇ ಹಿಡಿದು ಕಾಯುತ್ತಿದ್ದೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ಕಂಪ್ಲಿ ರಸ್ತೆಯ ಬದಿಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಸಣ್ಣ ಹೆರಿಗೆ ಆಸ್ಪತ್ರೆ ನಮ್ಮದು. ನಾನು ಅಲ್ಲಿ ಹಿರಿಯ ನರ್ಸು. ಒಬ್ಬರೇ ಡಾಕ್ಟರು, ಅವರೂ ಹೆಂಗಸು. ಸುತ್ತಲಿನ ಕಾಲುವೆ ಹಳ್ಳಿಗಳಿಂದ, ದರೋಜಿಯ ಕಡೆಯಿಂದ, ಕೆಲವೊಮ್ಮೆ ಸಂಡೂರಿನ ಗಣಿ ಕಡೆಯಿಂದಲೂ ಹೆರಿಗೆಗೆ ಬರುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯ ಒಂದು ಮಾಳಿಗೆ ಮನೆಯಲ್ಲಿ. ಕಲ್ಲಿನ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಳೆ ಬಂದರೆ ಅಲ್ಲಲ್ಲಿ ಸೋರುತ್ತಿತ್ತು, ಒಮ್ಮೊಮ್ಮೆ ತೊಲೆಯ ಸಂದಿಯಿಂದ ಚೇಳು ಬೀಳುತ್ತಿತ್ತು. ಡ್ಯಾಮಿನ ನೀರು ಹರಿದು, ವರ್ಷಕ್ಕೆ ಎರಡು ಬೆಳೆ ಬಂದು, ಕಬ್ಬು ಕಾರ್ಖಾನೆ ಸೇರಿ, ಊರಿನ ಕೈಯಲ್ಲಿ ದುಡ್ಡು ಆಡತೊಡಗಿದ ಮೇಲೆ ಎಲ್ಲರೂ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದರು. ನಮ್ಮಪ್ಪನೂ ಹಾಕಿಸಿದ. ಸೋರಿಕೆ ನಿಂತಿತು, ಚೇಳು ಹೋಯಿತು, ಆದರೆ ಏಪ್ರಿಲ್ ಬಂತೆಂದರೆ ಆ ಮನೆಯಲ್ಲಿ ಒಲೆಯೊಳಗೆ ಕೂತಂತೆ. ಇಡೀ ಓಣಿಯೇ ರಾತ್ರಿ ಹಾಸಿಗೆ ಸುತ್ತಿಕೊಂಡು ಮಹಡಿ ಹತ್ತುತ್ತಿತ್ತು. ಅಲ್ಲಿ ಮಲಗಿ ಎಲ್ಲರೂ ತಮ್ಮ ತಮ್ಮ ಹೊಸ ಮನೆಯನ್ನು ಹೊಗಳಿಕೊಳ್ಳುತ್ತಿದ್ದರು.

ಗಂಡಸರು, ಮಕ್ಕಳು ಮಹಡಿ ಹತ್ತಬಹುದು. ಹಸಿ ಬಾಣಂತಿ ಎಲ್ಲಿ ಹತ್ತುತ್ತಾಳೆ? ನಮ್ಮ ಆಸ್ಪತ್ರೆಯ ಹಳೆಯ ವಾರ್ಡಿನದು ಅದೇ ಕಷ್ಟ. ತಗ್ಗು ಸೂರಿನ ಆರ್‌ಸಿಸಿ. ಕರೆಂಟು ಹೋದರೆ ಫ್ಯಾನ್ ನಿಂತು, ಕೂಸುಗಳ ಮೈತುಂಬ ಬೆವರುಸಾಲೆ ಏಳುತ್ತಿತ್ತು. ಒಂದು ಬೇಸಿಗೆಯಲ್ಲಿ ಡಾಕ್ಟ್ರಮ್ಮ ಟ್ರಸ್ಟಿನ ಕಾರ್ಯದರ್ಶಿಯನ್ನು ಮಧ್ಯಾಹ್ನ ಕರೆಸಿ, ಖಾಲಿ ಮಂಚದ ಮೇಲೆ ಕೂರಿಸಿ, ಫ್ಯಾನ್ ಬಂದ್ ಮಾಡಿದರು. ಆತ ಅಕ್ಕಿ ಗಿರಣಿ ನಡೆಸಿ ಮಕ್ಕಳ ಕೈಗೆ ಒಪ್ಪಿಸಿದ್ದ ಹಿರಿಯ. ಸ್ವಲ್ಪ ಹೊತ್ತಿಗೇ ಅಂಗಿಯ ಗುಂಡಿ ಬಿಚ್ಚಿಕೊಂಡು ಎದ್ದು ನಿಂತು, "ತಿಳೀತು ಬಿಡ್ರಿ ಡಾಕ್ಟ್ರಮ್ಮ, ಹೊಸಾದು ಕಟ್ಟಿಸೋಣ" ಎಂದರು.

ಕಟ್ಟಲು ಒಪ್ಪಿಕೊಂಡವರು ಹೊಸಪೇಟೆಯ ಒಬ್ಬ ಎಂಜಿನಿಯರು. ನಲವತ್ತರ ಆಸುಪಾಸು. ಕಡಿಮೆ ಸಿಮೆಂಟಿನಲ್ಲಿ, ಊರಿನ ಕಲ್ಲು ಇಟ್ಟಿಗೆಯಲ್ಲಿ, ಫ್ಯಾನ್ ಇಲ್ಲದೆಯೂ ತಂಪಾಗಿರುವ ಮನೆ ಕಟ್ಟಬೇಕೆಂಬ ಹಟ ಅವರದು. ಒಳ್ಳೆಯ ಮನುಷ್ಯ. ಸೂರಿನ ಕಾಂಕ್ರೀಟಿನೊಳಗೆ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿದರು. ಬೇವಿನ ಮರ ಕಡಿಯಲು ಬಿಡದೆ ಗೋಡೆಯನ್ನೇ ಪಕ್ಕಕ್ಕೆ ಸರಿಸಿದರು. ಕಾಲುವೆಯ ಕಡೆಯ ಗೋಡೆಯನ್ನು ಪೂರ್ತಿ ಜಾಲರಿ ಮಾಡಿಸಿದರು. ಅಂದರೆ ಇಟ್ಟಿಗೆ ಇಟ್ಟಿಗೆಯ ನಡುವೆ ಅಂಗೈಯಗಲದ ಕಿಂಡಿ ಬಿಟ್ಟು, ನೆಲದಿಂದ ಸೂರಿನ ತನಕ. ಆ ಕಿಂಡಿಗಳಿಂದ ಬೆಳಕು ನೆಲದ ಮೇಲೆ ಚೌಕ ಚೌಕವಾಗಿ ಬೀಳುತ್ತಿತ್ತು. ನೋಡಲು ಭಾಳ ಚೆಂದ.

ಹಲಗೆ ಕೊಟ್ಟದ್ದು ಇಂಥ ಕಟ್ಟಡಗಳನ್ನು ಬೆಳೆಸಬೇಕೆಂದು ಜಿಲ್ಲೆಯ ಕೆಲವರು ಕೂಡಿ ಮಾಡಿಕೊಂಡಿದ್ದ ಒಂದು ಮಂಡಳಿ. ಈಗ ದೊಡ್ಡ ದೊಡ್ಡ ಸಂಸ್ಥೆಗಳು ಹಸಿರು ಕಟ್ಟಡ ಎಂದು ಪ್ರಮಾಣಪತ್ರ ಕೊಡುವುದನ್ನು ಪೇಪರಿನಲ್ಲಿ ಓದುತ್ತೇನೆ. ನಮ್ಮ ಮಂಡಳಿಯದು ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ. ಅದರ ಅಧ್ಯಕ್ಷರದು ಇಟ್ಟಿಗೆ ಭಟ್ಟಿ ಇತ್ತು. ಒಬ್ಬರು ಕಲ್ಲಿನ ಕಂಟ್ರಾಕ್ಟರು. ನಮ್ಮ ಎಂಜಿನಿಯರೂ ಅದರ ಸದಸ್ಯರೇ. ಎಲ್ಲರೂ ಮನಸ್ಸಿಟ್ಟು ದುಡಿಯುವವರು, ಮೋಸದವರಲ್ಲ. ಆದರೆ ಕಟ್ಟುವವರೂ ಅವರೇ, ಸಾಮಾನು ಕೊಡುವವರೂ ಅವರೇ, ಚೆನ್ನಾಗಿದೆ ಎಂದು ಬೆನ್ನು ತಟ್ಟುವವರೂ ಅವರೇ.

ಚಹಾ ಕೊಡುವಾಗ ನಾನು ಅಧ್ಯಕ್ಷರನ್ನು ಕೇಳಿಯೇ ಬಿಟ್ಟೆ. "ಸರ್, ಇನ್ನೂ ಒಬ್ಬಾಕಿ ಬಾಣಂತಿನೂ ಇಲ್ಲಿ ಮಲಗಿಲ್ಲಲ್ರಿ. ಈಗ್ಲೇ ಹೆಂಗ ಗೊತ್ತಾಗ್ತೈತ್ರಿ?"

ಅವರು ನಕ್ಕರು. "ನಕ್ಷೆ ನೋಡಿದ್ರ ಸಾಕು ಸಿಸ್ಟರ್. ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗ್ತೈತಿ ಅಂತ ಅದರಾಗ ಬಾಣ ಹಾಕೇವಿ."

ನಾನು ನಕ್ಷೆ ನೋಡಿದೆ. ಬಾಣಗಳು ನಿಜವಾಗಿಯೂ ಸೊಗಸಾಗಿದ್ದವು.

ಸಂಕ್ರಾಂತಿಯ ಹೊತ್ತಿಗೆ ವಾರ್ಡು ತುಂಬಿತು. ನಮ್ಮ ನಿಯಮದಂತೆ ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಗಂಡಂದಿರು ಬೇವಿನ ಕಟ್ಟೆಯ ಮೇಲೆ ಕೂರಬೇಕು, ಹೆಣ್ಣುಮಕ್ಕಳು ಮಾತ್ರ ಒಳಗೆ. ಮೊದಮೊದಲು ಎಲ್ಲ ಸರಿಯಾಗಿತ್ತು. ಶಿವರಾತ್ರಿ ಕಳೆಯಿತು. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಬಂದು ನೋಡಿದರೆ ಮೂಲೆಯ ಮಂಚದ ಹಿಂದಿನ ಕಿಂಡಿಗಳಲ್ಲಿ ಚಿಂದಿ ಬಟ್ಟೆ ತುರುಕಿದ್ದಾರೆ. ಮರುದಿನ ಪಕ್ಕದ ಮಂಚದವರು ಗೋಣಿಚೀಲ ಕಟ್ಟಿದರು. ಅದರ ಮರುದಿನ ಮತ್ತೊಬ್ಬರು ಹಳೆಯ ಪೇಪರು. ಯುಗಾದಿಯ ಹೊತ್ತಿಗೆ ಆ ಚೆಂದದ ಗೋಡೆ ತೇಪೆ ಹಾಕಿದ ಕೌದಿಯಂತೆ ಕಾಣತೊಡಗಿತು. ನೆಲದ ಮೇಲೆ ಒಂದೇ ಒಂದು ಬೆಳಕಿನ ಚೌಕ ಉಳಿದಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಬಾಣಂತಿಗೆ ಗಾಳಿ ಬಡಿಯಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ. ನಮ್ಮ ಮನೆಗಳಲ್ಲಿ ಬಾಣಂತನವೆಂದರೆ ಹೀಗೆಯೇ. ಅಂಥ ಹೆಣ್ಣಿನ ತಲೆದೆಸೆಗೆ ತೂತಿನ ಗೋಡೆ ಕಟ್ಟಿಸಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಮೇಲಾಗಿ ಆಗ ಕಾಲುವೆಗೆ ನೀರು ನಿಲ್ಲಿಸಿದ್ದರು. ಭತ್ತದ ನೆಲ ಬಿರುಕುಬಿಟ್ಟು ಬಿದ್ದಿತ್ತು. ಡಿಸೆಂಬರಿನಲ್ಲಿ ತಂಪು ತಂದ ಅದೇ ಕಡೆಯಿಂದ ಈಗ ಮಧ್ಯಾಹ್ನ ಝಳ ಮತ್ತು ದೂಳು ಬರುತ್ತಿತ್ತು. ಹಗಲು ಮುಚ್ಚಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಒಮ್ಮೆ ತುರುಕಿದ್ದನ್ನು ಸಂಜೆ ಯಾರೂ ತೆಗೆಯುತ್ತಿರಲಿಲ್ಲ. ಸೂರಿನಡಿಯ ಮೇಲಿನ ಕಿಂಡಿಗಳನ್ನೂ ಸ್ಟೂಲು ಹತ್ತಿ ಮುಚ್ಚಿದ್ದರು. ಒಳಗಿನ ಕಾವು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹೊಸ ವಾರ್ಡು ಹಳೆಯದಕ್ಕಿಂತ ಹೆಚ್ಚು ಕುದಿಯತೊಡಗಿತು.

ನಾನು ಕಿತ್ತು ಹಾಕಿದರೆ ಅವರು ಮತ್ತೆ ತುರುಕುವರು. ಹೀಗೆ ಜಗ್ಗಾಟ ನಡೆದಿರುವಾಗ ದರೋಜಿ ಕಡೆಯ ಒಬ್ಬ ಹುಡುಗಿ ಚೊಚ್ಚಿಲ ಹೆರಿಗೆಗೆ ಬಂದಳು. ಗಂಡುಕೂಸು, ಒಳ್ಳೆಯ ತೂಕ. ಅವಳ ತಾಯಿ ಗಟ್ಟಿ ಹೆಂಗಸು. ಮಗಳ ಮಂಚದ ಸುತ್ತ ಕಿಂಡಿಗಳನ್ನು ಮುಚ್ಚಿದ್ದು ಸಾಲದೆಂದು ಒಂದು ಕಂಬಳಿಯನ್ನೂ ಪರದೆಯಂತೆ ಇಳಿಬಿಟ್ಟಿದ್ದಳು. ಕೂಸಿಗೆ ಉಲನ್ ಕುಂಚಿಗೆ, ಕಾಲಿಗೆ ಚೀಲ, ಮೇಲೆ ದುಪ್ಪಟಿ.

ಮಧ್ಯಾಹ್ನ ಊಟದ ಹೊತ್ತಿಗೆ ಆ ಹುಡುಗಿ ನನ್ನನ್ನು ಕೂಗಿದಳು. "ನರ್ಸಕ್ಕಾ, ಕೂಸು ಹಾಲು ಹಿಡೀವಲ್ದು."

ಮುಟ್ಟಿ ನೋಡಿದೆ. ಮೈ ಕಾದ ಹಂಚು. ತುಟಿ ಒಣಗಿತ್ತು. ಅಂಗಾಲಿಗೆ ಬೆರಳಿನಿಂದ ಹೊಡೆದರೂ ಅಳಲಿಲ್ಲ, ಮುಖ ಮಾತ್ರ ಸೊಟ್ಟ ಮಾಡಿತು. ಕೂಸನ್ನು ಎತ್ತಿಕೊಂಡು ಡಾಕ್ಟ್ರಮ್ಮನ ಕೋಣೆಗೆ ಓಡಿದೆ. ಅವರು ನೋಡಿ, ಉಸಿರು ಎಣಿಸಿ, ಎದೆಗೆ ಕಿವಿಗೊಟ್ಟು ಕೇಳಿ, "ಬಟ್ಟಿ ಎಲ್ಲಾ ತೆಗೀರಿ. ಮೊದ್ಲು ಆ ವಾರ್ಡಿನಿಂದ ಹೊರಗ ಇಡ್ರಿ ಇದನ್ನ. ಕಾವು ತಡೀದಂಗ ಆಗೇತಿ. ಸಂಜಿಗೆ ಇಳೀಲಿಲ್ಲ ಅಂದ್ರ ಬಳ್ಳಾರಿಗೆ ಕಳಸೋದೇ" ಎಂದರು.

ಬೇವಿನ ಕಟ್ಟೆಯ ಮೇಲಿದ್ದ ಗಂಡಸರನ್ನೆಲ್ಲ ಎಬ್ಬಿಸಿ ದೂರ ಕಳಿಸಿದೆವು. ಆ ನೆರಳಿನಲ್ಲಿ ಚಾಪೆ ಹಾಸಿ, ಕೂಸಿನ ಬಟ್ಟೆ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತ ಕೂತೆ. ಹುಡುಗಿ ಹಾಲು ಹಿಂಡಿಕೊಟ್ಟಳು, ಒಳಲೆಯಲ್ಲಿ ಹನಿ ಹನಿಯಾಗಿ ಬಾಯಿಗೆ ಬಿಟ್ಟೆ. ಮೊದಲು ಕಟವಾಯಿಯಿಂದ ಹರಿದು ಹೋಯಿತು. ಕೂಸಿನ ಅಜ್ಜಿ ನನ್ನ ತಲೆಯ ಮೇಲೆಯೇ ನಿಂತು ಅಳುತ್ತ ಬೈಯುತ್ತಿದ್ದಳು. "ಹಸಿ ಕೂಸಿನ್ನ ಬಯಲಾಗ ಬತ್ತಲೆ ಮಲಗಿಸ್ಯಾಳಲ್ಲೋ ಶಿವನೇ! ಏನಾರ ಆತಂದ್ರ ನಿನ್ನ ಬಿಡಂಗಿಲ್ಲ ನೋಡು ನರ್ಸವ್ವಾ!"

"ಬಿಡಬ್ಯಾಡ ಯವ್ವಾ. ಈಗ ಈ ಪಾತ್ರಿ ಹಿಡಕೊ" ಎಂದೆ. ಅವಳು ಬೈಯುತ್ತಲೇ ಹಿಡಿದುಕೊಂಡಳು. ಹೊತ್ತು ಇಳಿಯುತ್ತ ಬಂತು. ಬೇವಿನ ಹೂವುಗಳು ಕೂಸಿನ ಹೊಟ್ಟೆಯ ಮೇಲೆ ಉದುರುತ್ತಿದ್ದವು, ಅವಳೇ ಒಂದೊಂದಾಗಿ ಹೆಕ್ಕಿ ತೆಗೆದಳು. ಒಳಲೆಯ ಹಾಲು ಒಮ್ಮೆ ಒಳಗೆ ಹೋಯಿತು. ಮತ್ತೊಮ್ಮೆ. ಆಮೇಲೆ ಕೂಸು ಕೈಕಾಲು ಬಡಿದು, ಮೈಯೆಲ್ಲ ಕೆಂಪು ಮಾಡಿಕೊಂಡು, ರಸ್ತೆಯ ತನಕ ಕೇಳುವಂತೆ ಅತ್ತಿತು. ಹುಡುಗಿ ಅದನ್ನು ಎಳೆದುಕೊಂಡು ಎದೆಗೆ ಹಚ್ಚಿದಳು. ಅದು ಚೀಪುವ ಸದ್ದು ಕೇಳಿ ಅಜ್ಜಿ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು. ಬಳ್ಳಾರಿಗೆ ಹೋಗುವುದು ತಪ್ಪಿತು. ಡಾಕ್ಟ್ರಮ್ಮ ಬಂದು ಮುಟ್ಟಿ ನೋಡಿ, ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕಾಲು ಚಾಚಿ ಕೂತುಬಿಟ್ಟರು.

ಆ ವಾರವೇ ಎಂಜಿನಿಯರನ್ನು ಕರೆಸಿದೆವು. ಅವರಿಗೆ ಒಳಗೆ ಬರಲು ಅವಕಾಶವಿರಲಿಲ್ಲವಲ್ಲ, ವರಾಂಡದಲ್ಲೇ ಮಾತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಬಾಡಿತು.

"ಕಿಂಡಿ ಮುಚ್ಚಿದ್ರ ನಾನೇನ್ ಮಾಡ್ಲಿ ಸಿಸ್ಟರ್? ಜನ ಸರಿಯಾಗಿ ಬಳಸಲಿಲ್ಲಂದ್ರ ಅದು ಕಟ್ಟಡದ ತಪ್ಪೇನ್ರಿ?"

"ಬಳಸೋ ಜನ ಇವ್ರೇ ಅಲ್ರಿ ಸರ್. ಬ್ಯಾರೆ ಜನ ಎಲ್ಲಿಂದ ತರೋಣ?" ಎಂದರು ಡಾಕ್ಟ್ರಮ್ಮ.

ಮಂಡಳಿಯಿಂದ ಉತ್ತರವಾಗಿ ಬಂದದ್ದು "ಕಿಂಡಿಗಳನ್ನು ಮುಚ್ಚಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದ ತಗಡು. ಅದನ್ನು ಗೋಡೆಗೆ ಮೊಳೆ ಹೊಡೆದು ಹಾಕಿದೆವು. ಎರಡು ದಿನಕ್ಕೆ ಆ ಮೊಳೆಗೇ ಹಗ್ಗ ಬಿಗಿದು ಯಾರೋ ಸೀರೆ ಇಳಿಬಿಟ್ಟಿದ್ದರು.

ಮೇ ತಿಂಗಳಲ್ಲಿ ಎಂಜಿನಿಯರ ತಂಗಿ ಹೆರಿಗೆಗೆಂದು ತವರಿಗೆ ಬಂದಳು. ಅಣ್ಣ ಕಟ್ಟಿದ ಆಸ್ಪತ್ರೆ ಎಂದು ನಮ್ಮಲ್ಲಿಗೇ ಸೇರಿಸಿದರು. ಜೊತೆಗೆ ಅವರ ತಾಯಿ. ಹೊಸಪೇಟೆಯ ಆಚಾರದ ಮನೆಯವರು, ಮೆಲುಮಾತು, ಓದು ಬರಹ ಬಲ್ಲವರು. ಹೆಣ್ಣುಕೂಸು ಸುಖವಾಗಿ ಹುಟ್ಟಿತು. ಸಂಜೆ ನಾನು ಔಷಧಿಯ ಟ್ರೇ ಹಿಡಿದು ಹೋದರೆ ಆ ತಾಯಿ ಮಂಚದ ಮೇಲೆ ನಿಂತು ತಮ್ಮ ಮಡಿಸೀರೆಯೊಂದನ್ನು ನೀಟಾಗಿ ಮಡಿಚಿ, ಕಿಂಡಿ ಕಿಂಡಿಗೆ ಅಳತೆ ನೋಡಿ ತುರುಕುತ್ತಿದ್ದಾರೆ!

"ಅಮ್ಮಾ, ಇದು ನಿಮ್ಮ ಮಗಾನೇ ಕಟ್ಟಿದ್ದಲ್ರಿ" ಎಂದೆ.

"ಗೊತ್ತವ್ವಾ. ಕಟ್ಟಾಕ ಭಾಳ ಚೆಂದ ಕಟ್ಟ್ಯಾನ. ಬಾಣಂತನ ಅವಂಗೇನ್ ಗೊತ್ತು?" ಎಂದು ಇನ್ನೊಂದು ಕಿಂಡಿಗೆ ಕೈ ಹಾಕಿದರು.

ಅದೇ ಹೊತ್ತಿಗೆ ಮಗ ಥರ್ಮಾಸಿನಲ್ಲಿ ಬಿಸಿನೀರು ತಂದು ಬಾಗಿಲಲ್ಲಿ ನಿಂತಿದ್ದರು. ಪರದೆ ಅರ್ಧ ಸರಿದಿತ್ತು. ತಾಯಿ ಮಂಚದ ಮೇಲೆ, ಕೈಯಲ್ಲಿ ಸೀರೆಯ ಸೆರಗು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನನಗೆ ನಗು ತಡೆಯಲಾಗದೆ ಟ್ರೇಯ ಬಾಟಲಿಗಳು ಗಲಗಲ ಅಂದವು. ಮಂಚದ ಮೇಲಿದ್ದ ತಂಗಿ, ಹೊಲಿಗೆಯ ನೋವಿನಲ್ಲಿಯೂ, "ಅಣ್ಣಾ, ನಗಸಬ್ಯಾಡೋ!" ಎಂದು ಹೊಟ್ಟೆ ಹಿಡಿದುಕೊಂಡಳು. ಎಂಜಿನಿಯರೂ ನಕ್ಕರು. ಅಷ್ಟು ದಿನದ ಬಿಗುಮಾನವೆಲ್ಲ ಆ ನಗುವಿನಲ್ಲಿ ಹೋಯಿತು.

ಮರುದಿನ ಅವರು ನನ್ನನ್ನು ಕೇಳಿದರು. "ಸಿಸ್ಟರ್, ಒಂದು ದಿನ ನಾನು ಒಳಗ ಕುಂದ್ರಬಹುದೇನ್ರಿ? ಮಧ್ಯಾಹ್ನದಿಂದ ಸಂಜಿ ಮಟ?" ಉಳಿದ ಬಾಣಂತಿಯರನ್ನು ಒಪ್ಪಿಸಿ ಹಳೆಯ ವಾರ್ಡಿಗೆ ಕಳಿಸಿದೆ. ತಂಗಿಯ ಮಂಚದ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಆತ ಕೂತರು. ಮೊದಲು ಕಿಂಡಿಗಳನ್ನೆಲ್ಲ ತೆರೆಸಿದರು. ಬಿಸಿಗಾಳಿ ನುಗ್ಗಿ, ತಂಗಿಯ ಕೂದಲು ಹಾರಿ, ಕೂಸಿನ ಕಣ್ಣಿಗೆ ದೂಳು ಬಂತು. ಎದ್ದು ತಾವೇ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದಂತಾಗಿ ಬೆನ್ನಿಗೆ ಅಂಗಿ ಅಂಟಿತು. ಮತ್ತೆ ತೆರೆದರು. ಅವರ ತಾಯಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಒಂದು ಕಡೆ ಕುಂದ್ರೋ ಮಾರಾಯಾ" ಎಂದರು. ದೀಪ ಹಚ್ಚುವ ಹೊತ್ತಿಗೆ ಹೊರಗೆ ಗಾಳಿ ತಂಪಾಯಿತು, ಒಳಗೆ ಮಾತ್ರ ಕಾವು ಹಾಗೇ ಕೂತಿತ್ತು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನಾವು ಮೂವರೂ, ಅಂದರೆ ಅವರು, ಡಾಕ್ಟ್ರಮ್ಮ ಮತ್ತು ನಾನು, ಕತ್ತಲಾಗುವ ತನಕ ಮಾತಾಡಿದೆವು. ಗಾಳಿ ಮಂಚದ ಮೇಲೆ ಬೀಳಬಾರದು, ಆದರೆ ಕೋಣೆಯಿಂದ ಕಾವು ಹೋಗಬೇಕು. ಮಂಚದ ಎತ್ತರಕ್ಕಿಂತ ಸ್ವಲ್ಪ ಮೇಲಿನ ತನಕ ಜಾಲರಿಗೆ ಮರದ ಬಾಗಿಲು ಹಚ್ಚೋಣ, ಹಗಲು ಮುಚ್ಚಿ ಸಂಜೆ ತೆರೆಯಲು ಬರುವಂತೆ ಎಂದು ನಾನು ಹೇಳಿದೆ. ಸೂರಿನಡಿಯ ಕಿಂಡಿಗಳಿಗೆ ಓರೆಯಾದ ಹಲಗೆ ಕೂರಿಸಿದರೆ ಗಾಳಿ ಮೇಲಿಂದಲೇ ಹಾದು ಹೋಗುತ್ತದೆ ಎಂದು ಅವರು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಮರುದಿನವೇ ಬಡಗಿ ಬಂದ. ಕೆಲಸ ಮುಗಿದ ಸಂಜೆ ನಾನು ಬಾಣಂತಿಯರ ತಲೆದೆಸೆಯವನ್ನು ಬಿಟ್ಟು ಉಳಿದ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಮೇಲಿನ ಸಾಲಿನಿಂದ ಗಾಳಿ ಸುಯ್ಯೆಂದು ಸರಿಯಿತು, ಪರದೆಯ ಅಂಚು ಮಾತ್ರ ಅಲ್ಲಾಡಿತು. ಎಂಜಿನಿಯರ ತಾಯಿ ಮಗಳ ಹಣೆಯ ಮೇಲೆ ಕೈಯಿಟ್ಟು ನೋಡಿ, "ಗಾಳಿ ಬಡಿಯಂಗಿಲ್ಲ. ಇರ್ಲಿ ಬಿಡು" ಎಂದರು. ತಮ್ಮ ಸೀರೆಯನ್ನು ಕೊಡವಿ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಆ ಕ್ಷಣದ ನೆಮ್ಮದಿಯನ್ನು ಹೇಗೆ ಹೇಳಲಿ? ಭುಜದ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು.

ಮೊದಲ ಮಳೆ ಬಿದ್ದ ಮೇಲೆ ಮಂಡಳಿಯವರ ಸಭೆ ನಮ್ಮ ಆಸ್ಪತ್ರೆಯಲ್ಲೇ ನಡೆಯಿತು. ಹಲಗೆ ಇಡಬೇಕೋ ತೆಗೆಯಬೇಕೋ ಎಂಬುದು ವಿಷಯ. ನಮ್ಮನ್ನೂ ಕರೆದಿದ್ದರು. ಅಧ್ಯಕ್ಷರು, "ಈಗ ಸರಿ ಆಗೇತಲ್ರಿ, ಹಲಗಿ ಇರ್ಲಿ. ತೆಗೆದ್ರ ಹೊರಗಿನ ಮಂದಿ ನಗ್ತಾರ. ಮತ್ತ ಯಾರೂ ಇಂಥಾ ಕಟ್ಟಡಕ್ಕ ಕೈ ಹಾಕಂಗಿಲ್ಲ" ಎಂದರು. ಅದೂ ಸುಳ್ಳಲ್ಲ. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆಗ ಎಲ್ಲರೂ ಸಿಮೆಂಟಿನ ಹಿಂದೆ ಬಿದ್ದಿದ್ದ ಕಾಲ. ಇಂಥ ಕೆಲಸಕ್ಕೆ ಜನರನ್ನು ಒಲಿಸುವುದೇ ಕಷ್ಟವಾಗಿತ್ತು.

ನಮ್ಮ ಎಂಜಿನಿಯರು ಎದ್ದು ಹೊರಗೆ ಹೋದರು. ಸಿಟ್ಟು ಬಂತೇನೋ ಅಂದುಕೊಂಡೆವು. ಇಕ್ಕಳ ತಂದು ತಾವೇ ಮೊಳೆ ಕಿತ್ತು ಹಲಗೆ ಬಿಚ್ಚಿ ಮೇಜಿನ ಮೇಲಿಟ್ಟರು. "ನಾನು ಕಟ್ಟಿದ್ದಕ್ಕ ನಾನೇ ಮಾರ್ಕು ಹಾಕ್ಕೊಂಡಂಗಾತು ಇದು. ಬ್ಯಾಡ" ಎಂದರು.

"ಹಂಗಾದ್ರ ಯಾರು ಹಾಕ್ಬೇಕು?" ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ಕೇಳಿದರು.

ಅಲ್ಲಿಂದ ಮಾತು ಬಿಸಿಯಾಯಿತು. ಸರ್ಕಾರಕ್ಕೆ ಬಿಟ್ಟುಬಿಡೋಣ ಎಂದರು ಒಬ್ಬರು. ಆಫೀಸರು ವರ್ಗವಾದರೆ ನಿಯಮವೂ ವರ್ಗವಾಗುತ್ತದೆ ಎಂದರು ಇನ್ನೊಬ್ಬರು. ದೊಡ್ಡ ಊರಿನಿಂದ ತಿಳಿದವರನ್ನು ಕರೆಸೋಣ ಎಂದರೆ, ಅವರೂ ಡಿಸೆಂಬರಿನಲ್ಲೇ ಬರುತ್ತಾರೆ ಎಂದು ಡಾಕ್ಟ್ರಮ್ಮ ಹೇಳಿ ಎಲ್ಲರನ್ನೂ ನಗಿಸಿದರು. ಕಂಟ್ರಾಕ್ಟರು ಮಾತ್ರ ನಗಲಿಲ್ಲ. "ಕಟ್ಟೋದು ತಿಳೀಲಾರದವ್ರು ಬಂದು ಕಟ್ಟಡ ಅಳೆದ್ರ ಹೆಂಗ್ರಿ? ಗೋಡಿ ಒಳಗ ಏನೈತಿ ಅಂತ ಅವ್ರಿಗೇನ್ ಕಾಣ್ತೈತಿ?"

"ಅದು ಖರೇ ಐತ್ರಿ ಸರ್" ಎಂದೆ. "ಗೋಡಿ ಒಳಗಿಂದು ನಮಗ ಕಾಣಂಗಿಲ್ಲ. ನಿಮಗ ಮಂಚದ ಮ್ಯಾಲಿಂದು ಕಾಣಂಗಿಲ್ಲ. ತಿಳಿದವ್ರೂ ಬರ್ಲಿ, ಅಲ್ಲೇ ಇರೋರೂ ಬರ್ಲಿ. ಆದ್ರ ಅದನ್ನ ಕಟ್ಟಿದವ್ರು ಮತ್ತ ಸಾಮಾನು ಕೊಟ್ಟವ್ರು ಆವತ್ತು ಮನ್ಯಾಗ ಇರ್ಲಿ. ಇನ್ನೊಂದು, ಬ್ಯಾಸಿಗಿ ಕಳೀಲಾರದ ಯಾವದಕ್ಕೂ ಹಲಗಿ ಬ್ಯಾಡ."

ಅಧ್ಯಕ್ಷರು ಮೇಜಿನ ಮೇಲಿದ್ದ ಹಲಗೆಯನ್ನು ತಮ್ಮ ಕಡೆ ಎಳೆದುಕೊಂಡು ನೋಡಿದರು. ಇಟ್ಟಿಗೆ ಮಾರುವ ತಾನು ಆ ಕುರ್ಚಿಯಲ್ಲಿ ಇರಲಾಗದು ಎಂಬುದು ಅವರಿಗೆ ಹೊಳೆದಿತ್ತು. ಕೊನೆಗೆ, "ಸರಿ ಸಿಸ್ಟರ್. ಕುರ್ಚಿ ಬಿಡ್ತೀನಿ. ಇಟ್ಟಿಗಿ ಬಿಡಾಕಾಗಂಗಿಲ್ಲ" ಎಂದು ನಕ್ಕುಬಿಟ್ಟರು. ನನಗೆ ಅವರ ಮೇಲೆ ಅಂದು ಹುಟ್ಟಿದ ಗೌರವ ಇಂದಿಗೂ ಇದೆ. ಅವರ ಜಾಗಕ್ಕೆ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ, ಕಟ್ಟುವ ವ್ಯವಹಾರವಿಲ್ಲದ ಒಬ್ಬರು ಬಂದರು. ನೋಡಲು ಹೋಗುವವರಲ್ಲಿ ಒಬ್ಬಳಾದರೂ ಹೆಂಗಸು ಇರಬೇಕೆಂದು ಆಯಿತು. ಮೊದಲ ಹೆಂಗಸು ನಾನೇ ಆದೆ.

ಆ ಮೇಲಿನ ಬೇಸಿಗೆಗಳಲ್ಲಿ ರಜೆಯ ದಿನ ನಾವು ಬಸ್ಸು ಹತ್ತಿ ಹೋಗುತ್ತಿದ್ದೆವು. ಹಂಪಿಗೆ ಹೋಗುವ ದಾರಿಯಲ್ಲಿ ಒಂದು ಶಾಲೆ ನೋಡಿದೆವು. ಮಕ್ಕಳು ಮಧ್ಯಾಹ್ನ ತೂಕಡಿಸದೆ ಲೆಕ್ಕ ಮಾಡುತ್ತಿದ್ದರು. ಒಪ್ಪಿಗೆ ಕೊಡಲು ಎರಡು ಮಾತಾಗಲಿಲ್ಲ. ಸಂಡೂರಿನ ಕಡೆ ಹೊಸದಾಗಿ ಕಟ್ಟಿದ ಮನೆಗಳ ಸಾಲೊಂದನ್ನು ನೋಡಲು ಹೋದೆವು. ನಕ್ಷೆಯಲ್ಲಿ ಎರಡೂ ಕಡೆ ದೊಡ್ಡ ದೊಡ್ಡ ಕಿಟಕಿ. ಹೋಗಿ ನೋಡಿದರೆ ಎಲ್ಲ ಕಿಟಕಿಗೂ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಬಡಿದಿದ್ದಾರೆ. ಅದಿರಿನ ಲಾರಿಗಳು ಆ ರಸ್ತೆಯಲ್ಲೇ ಓಡುತ್ತಿದ್ದವು. ಮನೆಯೊಡತಿ ಒಗೆದು ಹಾಕಿದ ಬಿಳಿ ಪಂಚೆ ತೋರಿಸಿದಳು, ಅದು ಕಾವಿ ಬಣ್ಣಕ್ಕೆ ತಿರುಗಿತ್ತು. "ಕಿಟಕಿ ತೆಗದ್ರ ಅನ್ನದಾಗ ಕೆಂಪು ದೂಳು ಬೀಳ್ತೈತ್ರಿ. ಸೆಕಿ ತಡಕೋಬಹುದು, ಇದನ್ನ ತಿನ್ನಾಕಾಗಲ್ಲ" ಎಂದಳು. ಆ ಸಾಲಿಗೆ ನಾವು ಹಲಗೆ ಕೊಡಲಿಲ್ಲ. ರಸ್ತೆಗೆ ಬೆನ್ನು ಮಾಡಿ, ಒಳಗೆ ಒಂದು ಪುಟ್ಟ ಅಂಗಳ ತೆರೆದರೆ ಹೇಗೆ ಎಂದು ಕೇಳಿದೆವು. ಕಟ್ಟಿಸಿದವರು ಮುಖ ಊದಿಸಿಕೊಂಡರು. ಆದರೆ ಎರಡನೆಯ ಸಾಲನ್ನು ಹಾಗೆಯೇ ಕಟ್ಟಿದರು. ಮುಂದಿನ ಬೇಸಿಗೆಗೆ ಹೋದಾಗ ಅದೇ ಹೆಂಗಸು ನೆರೆಯವಳ ಅಂಗಳದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. "ನನಗೂ ಈ ಸಾಲಿನಾಗ ಒಂದು ಮನಿ ಕೊಡಸ್ರಿ" ಎಂದು ಕೈ ಹಿಡಿದಳು.

ನಮ್ಮ ವಾರ್ಡಿನ ಹಲಗೆ ಮರುವರ್ಷದ ಬೇಸಿಗೆ ಮುಗಿದ ಮೇಲೆ ಮತ್ತೆ ಗೋಡೆಗೇರಿತು. ಅದನ್ನು ನೋಡಿ ತೀರ್ಮಾನಿಸಿದ ಗುಂಪಿನಲ್ಲಿ ನಾನು ಇರಲಿಲ್ಲ, ಇರಕೂಡದು ಎಂದು ನಾನೇ ಕೇಳಿಕೊಂಡಿದ್ದೆ. ಈ ಸಲ ಫೋಟೋದವನು ಬರಲಿಲ್ಲ. ಒಳಗೆ ಬಾಣಂತಿಯರು ಗಾಢ ನಿದ್ರೆಯಲ್ಲಿದ್ದರು, ಬಡಗಿ ಮೊಳೆ ಹೊಡೆಯಲು ಅವರು ಏಳುವ ತನಕ ಕಾಯಬೇಕಾಯಿತು.

ದಶಕದ ಕೊನೆಯ ಹೊತ್ತಿಗೆ ನಾನೂ ಹೊಸಪೇಟೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆ. ಕಟ್ಟಿದವರು ಅದೇ ಎಂಜಿನಿಯರು. ಕಟ್ಟಿಸುವವಳಾದ ಮೇಲೆ ಮಂಡಳಿಯಲ್ಲಿ ಇರುವುದು ಸರಿಯಲ್ಲವೆಂದು ಬಿಟ್ಟುಕೊಟ್ಟೆ. ನನ್ನ ಜಾಗಕ್ಕೆ ಕುರೆಕುಪ್ಪದ ಕಡೆಯ ಒಬ್ಬ ಶಾಲಾ ಶಿಕ್ಷಕಿ ಬಂದಿದ್ದಳು. ಅವಳಿಗೆ ನನ್ನ ಪರಿಚಯವಿರಲಿಲ್ಲ, ನನ್ನ ವಯಸ್ಸಿನ ಅರ್ಧವೂ ಇರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ, ನನ್ನ ಮನೆಗೆ ಹಲಗೆ ಕೊಡಬಹುದೇ ಎಂದು ನೋಡಲು ಛತ್ರಿ ಹಿಡಿದು ಬಂದಳು. ಮಜ್ಜಿಗೆ ಕೊಟ್ಟರೆ, "ಮೊದ್ಲು ನೋಡ್ತೀನ್ರಿ ಅಮ್ಮ, ಆಮ್ಯಾಲೆ ಕುಡೀತೀನಿ" ಎಂದಳು. ಪಡಸಾಲೆಯಲ್ಲಿ ಕೂತಳು, ಮಲಗುವ ಕೋಣೆಯ ನೆಲದ ಮೇಲೆ ಅಂಗೈಯೂರಿ ನೋಡಿದಳು. ನಾನು ಪರೀಕ್ಷೆಗೆ ಕೂತ ಹುಡುಗಿಯಂತೆ ಅವಳ ಹಿಂದೆ ಹಿಂದೆ ತಿರುಗಿದೆ. ಅಡುಗೆಮನೆಗೆ ಬಂದು, "ಒಲಿ ಹಚ್ರಿ" ಎಂದಳು.

"ಈಗ ಏನೂ ಮಾಡೋದಿಲ್ಲವ್ವಾ."

"ಎರಡು ರೊಟ್ಟಿ ಬಡೀರಿ ಅಮ್ಮ. ನಾ ಇಲ್ಲೇ ನಿಂತಿರ್ತೀನಿ."

ಸ್ಟೋವ್ ಹಚ್ಚಿ ರೊಟ್ಟಿ ಬಡಿದೆ. ಎರಡನೆಯ ರೊಟ್ಟಿಯ ಹೊತ್ತಿಗೆ ಇಬ್ಬರ ಮುಖದಿಂದಲೂ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕಿಟಕಿ ಒಲೆಯ ಎದುರಿಗೆ ಬಂದದ್ದರಿಂದ ಗಾಳಿ ಬಂದರೆ ಉರಿ ಆರುತ್ತದೆಂದು ನಾನು ಅದನ್ನು ದಿನವೂ ಮುಚ್ಚಿಯೇ ಅಡುಗೆ ಮಾಡುತ್ತಿದ್ದೆ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ತಪ್ಪೆಂದೇ ಹೊಳೆದಿರಲಿಲ್ಲ.

ಅವಳು ಸಂಕೋಚದಿಂದ, "ಉಳಿದಿದ್ದೆಲ್ಲಾ ಭಾಳ ಚಲೋ ಐತ್ರಿ. ಅಡಿಗಿ ಮನಿ ಸರಿ ಆಗೋಮಟ ನಾ ಒಪ್ಪಂಗಿಲ್ರಿ ಅಮ್ಮ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು.

ಬೇಸರವೇ? ನನಗೆ ಅವಳ ಬೆನ್ನು ತಟ್ಟಬೇಕೆನ್ನಿಸಿತು. ನಾನು ಯಾರು, ಯಾವ ಮಂಡಳಿಯಲ್ಲಿದ್ದೆ, ಎಂಬುದೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ನನ್ನ ಒಲೆಯ ಮುಂದೆ ಬೆವರುತ್ತ ನಿಂತಿದ್ದಳಲ್ಲ. ಇನ್ನು ಈ ಕೆಲಸಕ್ಕೆ ನಾನು ಬೇಕಾಗಿಲ್ಲ ಎಂಬ ಧೈರ್ಯ ಬಂತು. ಇಬ್ಬರೂ ಹೊರಗಿನ ಕಟ್ಟೆಗೆ ಬಂದು ಕೂತೆವು. ಆ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿಕೊಟ್ಟೆ. ಅವಳು ಆಗ ಮಜ್ಜಿಗೆ ಇಸಿದುಕೊಂಡು ಗಟಗಟ ಕುಡಿದಳು.